ವಿಂಡೋಸ್‌ನ ನರೇಟರ್: ಕಾಸರಗೋಡಿನ ಒಬ್ಬ ಕನ್ನಡ ಅಧ್ಯಾಪಕನ ಬಳಕೆಯಿಂದ

ರೆಟಿನೈಟಿಸ್ ಪಿಗ್ಮೆಂಟೋಸಾ ಕಣ್ಣನ್ನು ಒಮ್ಮೆಲೇ ಕಸಿದುಕೊಳ್ಳುವ ಕಾಯಿಲೆಯಲ್ಲ. ಮೊದಲು ರಾತ್ರಿಯ ದಾರಿ ಕಾಣದಾಗುತ್ತದೆ, ಆಮೇಲೆ ಅಕ್ಕಪಕ್ಕದ ನೋಟ ಕುಗ್ಗುತ್ತದೆ, ಕ್ರಮೇಣ ಕೊಳವೆಯೊಳಗಿಂದ ಕಂಡಷ್ಟೇ ಉಳಿಯುತ್ತದೆ. ಬದಿಯಡ್ಕದ ಸಮೀಪ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಪಾಠ ಹೇಳುವ ನನಗೆ, ಪರದೆಯ ಅಕ್ಷರವನ್ನು ಎಷ್ಟು ಹಿಗ್ಗಿಸಿದರೂ ಸಾಲಿನ ತುದಿ ಮುಟ್ಟುವಷ್ಟರಲ್ಲಿ ಅದರ ಆರಂಭ ಮರೆತುಹೋಗುವ ಸ್ಥಿತಿ ಬಂದಾಗ, ಕಣ್ಣನ್ನು ದಂಡಿಸುವುದನ್ನು ಬಿಟ್ಟು ಕಿವಿಯಿಂದ ಓದಲು ಕಲಿಯಬೇಕೆಂದು ನಿಶ್ಚಯಿಸಿದೆ. ಹೊಸ ಲ್ಯಾಪ್‌ಟಾಪಿನಲ್ಲಿ ಮೊದಲೇ ಅಡಕವಾಗಿರುವ ನರೇಟರ್ ಎಂಬ ಸ್ಕ್ರೀನ್ ರೀಡರನ್ನು, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶವನ್ನು, ಒಂದು ವರ್ಷ ದಿನವೂ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ವಿಂಡೋಸ್ 2000ದ ಕಾಲದಿಂದಲೂ ನರೇಟರ್ ಇದೆ. ಬೇರೆ ದುಡ್ಡು ಕೊಡಬೇಕಾಗಿಲ್ಲ, ಯಾವುದನ್ನೂ ಇಳಿಸಿಕೊಳ್ಳಬೇಕಾಗಿಲ್ಲ. ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಮಾತು ಶುರುವಾಗುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಹೊಸ ಲ್ಯಾಪ್‌ಟಾಪನ್ನು ಮೊದಲ ಸಲ ತೆರೆದು ಹೆಸರು, ವೈಫೈ, ಪಾಸ್‌ವರ್ಡ್ ತುಂಬಿಸುವ ಹಂತದಲ್ಲೂ ಈ ಮೂರು ಕೀಗಳು ಕೆಲಸ ಮಾಡುತ್ತವೆ ಎಂಬುದು ನನ್ನ ಮಟ್ಟಿಗೆ ಬಹಳ ದೊಡ್ಡ ಸಂಗತಿ. ಪಾಸ್‌ವರ್ಡ್ ಇಡುವುದಕ್ಕೂ ಇನ್ನೊಬ್ಬರ ಕಣ್ಣು ಬೇಕು ಎಂದಾದರೆ ಆ ಪಾಸ್‌ವರ್ಡು ನಮ್ಮದಾಗಿ ಉಳಿಯುವುದಾದರೂ ಹೇಗೆ?

ಕಲಿಯುವ ಮೊದಲ ವಾರ ಕಷ್ಟದ್ದು. ಕ್ಯಾಪ್ಸ್ ಲಾಕ್ ಇಲ್ಲಿ ನರೇಟರಿನ ಕೀಯಾಗುತ್ತದೆ, ಅದನ್ನು ಒತ್ತಿ ಹಿಡಿದು ಬೇರೆ ಕೀ ಒತ್ತಿದರೆ ಆಜ್ಞೆ. ಕಂಟ್ರೋಲ್ ಒಂದನ್ನೇ ಒತ್ತಿದರೆ ಮಾತು ನಿಲ್ಲುತ್ತದೆ ಎಂಬುದು ತಿಳಿಯುವವರೆಗೆ ಆ ನಿರಂತರ ಧ್ವನಿಯಿಂದ ತಲೆ ತಿರುಗುವುದು ಸಹಜ. ವೆಬ್ ಪುಟದಲ್ಲಿ ಸ್ಕ್ಯಾನ್ ಮೋಡ್ (ಒಂದೊಂದೇ ಕೀಯಿಂದ ಪುಟದೊಳಗೆ ಓಡಾಡುವ ವಿಧಾನ) ಇದ್ದಾಗ ಎಚ್ ಒತ್ತಿದರೆ ಮುಂದಿನ ಶೀರ್ಷಿಕೆಗೆ, ಕೆ ಒತ್ತಿದರೆ ಮುಂದಿನ ಕೊಂಡಿಗೆ, ಟಿ ಒತ್ತಿದರೆ ಕೋಷ್ಟಕಕ್ಕೆ ಹೋಗಬಹುದು. ಕಣ್ಣಿದ್ದವರು ಪುಟದ ಮೇಲೆ ನೋಟ ಹಾಯಿಸುವ ಕೆಲಸವನ್ನೇ ಈ ಅಕ್ಷರಗಳು ಮಾಡುತ್ತವೆ. ಇದು ಕೈಗೆ ಹತ್ತಿದ ಮೇಲೆ ಪತ್ರಿಕೆಯ ಜಾಲತಾಣದಲ್ಲಿ ಬೇಕಾದ ಸುದ್ದಿಯನ್ನು ಹುಡುಕಲು ನನಗೆ ಅರ್ಧ ನಿಮಿಷವೂ ಬೇಡ.

ನಾನು ಅತ್ಯಂತ ಮೆಚ್ಚಿದ್ದು ಬ್ಯಾಂಕಿನ ಕೆಲಸದಲ್ಲಿ. ಹಿಂದೆ ಖಾತೆಯ ವಿವರ ಓದಿಸಿಕೊಳ್ಳಲು ತಮ್ಮನ ಮಗನನ್ನು ಕರೆಯಬೇಕಾಗುತ್ತಿತ್ತು. ಅವನು ಬೇಸರವಿಲ್ಲದೆ ಓದುತ್ತಿದ್ದ, ಆದರೂ ನನ್ನ ಸಾಲ, ನನ್ನ ಖರ್ಚು ಅವನ ಬಾಯಿಂದ ಮನೆಯ ಜಗಲಿಯಲ್ಲಿ ಕೇಳಿಸುವುದು ನನಗೆ ಸಂಕಟವಾಗಿತ್ತು. ಈಗ ಇಯರ್‌ಫೋನ್ ಹಾಕಿಕೊಂಡು, ಕಂಟ್ರೋಲ್ ಮತ್ತು ಆಲ್ಟ್ ಜೊತೆಗೆ ಬಾಣದ ಕೀಗಳನ್ನು ಒತ್ತಿ, ಕೋಷ್ಟಕದ ಒಂದೊಂದು ಮನೆಯನ್ನೂ ನಾನೇ ಕೇಳುತ್ತೇನೆ. ಬ್ಯಾಂಕಿನ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿಯಂಥ 11 ಅಕ್ಷರಗಳ ಸಂಕೇತವನ್ನು ಒಂದೊಂದೇ ಅಕ್ಷರವಾಗಿ ಹೇಳಿಸಿಕೊಳ್ಳಬಹುದಾದ್ದರಿಂದ, ಐದನೆಯದು ಸೊನ್ನೆಯೇ ಹೊರತು ಇಂಗ್ಲಿಷಿನ ಓ ಅಲ್ಲವೆಂಬುದು ಕಿವಿಗೇ ಖಚಿತವಾಗುತ್ತದೆ.

ಇಷ್ಟೆಲ್ಲ ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಬಂದೊಡನೆ ನರೇಟರ್ ಮೌನವಾಗುತ್ತದೆ. ವಿಂಡೋಸ್ ಒದಗಿಸುವ ಧ್ವನಿಗಳಲ್ಲಿ ಹಿಂದಿ ಇದೆ, ತಮಿಳು ಇದೆ, ಭಾರತೀಯ ಉಚ್ಚಾರದ ಇಂಗ್ಲಿಷೂ ಇದೆ; ನಾನು ಆ ಪಟ್ಟಿಯನ್ನು ಹುಡುಕಿದಾಗ ಕನ್ನಡವೂ ಮಲಯಾಳವೂ ಸಿಗಲಿಲ್ಲ. ಹಾಗಾಗಿ ಇಂಗ್ಲಿಷ್ ಧ್ವನಿಯಿಟ್ಟು ಕನ್ನಡದ ಸುತ್ತೋಲೆಯೊಂದನ್ನು ತೆರೆದರೆ ದಿನಾಂಕ, ಗಂಟೆ, ನಡುವೆ ಸಿಕ್ಕಿದ ಒಂದೆರಡು ಇಂಗ್ಲಿಷ್ ಶಬ್ದ, ಇವಿಷ್ಟೇ ಕೇಳಿಸುತ್ತವೆ, ಸಭೆ 10.30ಕ್ಕೆ ಎಂದು ತಿಳಿಯುತ್ತದೆ, ಯಾವ ಸಭೆ, ಎಲ್ಲಿ ಎಂಬುದು ತಿಳಿಯುವುದಿಲ್ಲ. 1956ರಲ್ಲಿ ಕೇರಳಕ್ಕೆ ಸೇರಿದ ಈ ನಾಡಿನಲ್ಲಿ ಕಚೇರಿಯ ಕಾಗದ ಮಲಯಾಳದಲ್ಲಿ, ಪಾಠಪುಸ್ತಕ ಕನ್ನಡದಲ್ಲಿ, ಬ್ಯಾಂಕು ಇಂಗ್ಲಿಷಿನಲ್ಲಿ ಬರುತ್ತದೆ. ನರೇಟರ್ ನನಗೆ ಈ ಮೂರರಲ್ಲಿ ಒಂದನ್ನು ಮಾತ್ರ ಓದಿಕೊಡುತ್ತದೆ, ಅದೂ ನಾನು ಪಾಠ ಹೇಳುವ ಭಾಷೆಯನ್ನಲ್ಲ.

ಪರಿಹಾರಗಳು ಇಲ್ಲದಿಲ್ಲ. ಎಡ್ಜ್ ಬ್ರೌಸರಿನಲ್ಲಿ ಕಂಟ್ರೋಲ್, ಶಿಫ್ಟ್, ಯು ಒತ್ತಿದರೆ ಪುಟವನ್ನು ಗಟ್ಟಿಯಾಗಿ ಓದುವ ಸೌಲಭ್ಯ ತೆರೆಯುತ್ತದೆ. ಅಲ್ಲಿ ಸಪ್ನಾ, ಗಗನ್ ಎಂಬ ಹೆಸರಿನ ಎರಡು ಕನ್ನಡ ಧ್ವನಿಗಳಿವೆ. ಉಚ್ಚಾರ ಅಚ್ಚುಕಟ್ಟಾಗಿದೆ, ಉದ್ದನೆಯ ಲೇಖನವನ್ನು ಆಯಾಸವಿಲ್ಲದೆ ಕೇಳಬಹುದು. ಆದರೆ ಅವಕ್ಕೆ ಇಂಟರ್ನೆಟ್ ಬೇಕು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ವಿದ್ಯುತ್ತಿನೊಂದಿಗೆ ನೆಟ್ಟೂ ಹೋಗುವ ನಮ್ಮ ಕಡೆ ಅದನ್ನೇ ನೆಚ್ಚಿ ಕೂರುವ ಹಾಗಿಲ್ಲ. ಅಲ್ಲದೆ ಅದು ಪುಟವನ್ನು ಓದುತ್ತದೆಯೇ ಹೊರತು ಅಕ್ಷರ ಅಕ್ಷರವಾಗಿ ತಿದ್ದಲು ನೆರವಾಗುವುದಿಲ್ಲ.

ಆದುದರಿಂದ ನಾನು ಎನ್‌ವಿಡಿಎಯನ್ನೂ ಹಾಕಿಕೊಂಡೆ. ಆಸ್ಟ್ರೇಲಿಯಾದಲ್ಲಿ ಮೈಕೆಲ್ ಕರನ್ ಎಂಬ ದೃಷ್ಟಿಹೀನರು 2006ರಲ್ಲಿ ಆರಂಭಿಸಿದ ಈ ಸ್ಕ್ರೀನ್ ರೀಡರ್ ಕೂಡ ಉಚಿತ. ಅದರೊಳಗಿರುವ ಇ-ಸ್ಪೀಕ್ ಧ್ವನಿಗೆ ಕನ್ನಡ ಬರುತ್ತದೆ, ಇಂಟರ್ನೆಟ್ ಬೇಡ. ದನಿ ಯಂತ್ರದ್ದೇ, ಮೊದಲ ಸಲ ಕೇಳಿದವರು ಮುಖ ಕಿವುಚುತ್ತಾರೆ. ಆದರೆ ವೇಗ ಹೆಚ್ಚಿಸಿದರೂ ಶಬ್ದಗಳು ಒಂದರೊಳಗೊಂದು ಕಲಸಿಹೋಗುವುದಿಲ್ಲ. ಹದಿನೈದು ದಿನಗಳಲ್ಲಿ ನನ್ನ ಕಿವಿ ಅದಕ್ಕೆ ಒಗ್ಗಿತು.

ಟೈಪ್ ಮಾಡಲು, ಭಾರತೀಯ ಭಾಷೆಗಳಿಗೆಂದು ರೂಪಿಸಿದ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸವನ್ನೇ ಕಲಿಯಿರೆಂದು ಒತ್ತಿ ಹೇಳುತ್ತೇನೆ. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ ಬರುತ್ತವೆ. ಕನ್ನಡದ ‘ಕ’ ಇರುವ ಕೀಯಲ್ಲಿಯೇ ಮಲಯಾಳದ ‘ಕ’ವೂ ಇರುವುದರಿಂದ, ಗಡಿನಾಡಿನವರಾದ ನಮಗೆ ಒಮ್ಮೆ ಬೆರಳಿಗೆ ಬಂದ ವಿದ್ಯೆ ಎರಡೂ ಭಾಷೆಗಳಿಗೆ ಸಲ್ಲುತ್ತದೆ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸಿದರಾಯಿತು.

ಯಾವ ಸ್ಕ್ರೀನ್ ರೀಡರಿಗೂ ದಾಟಲಾಗದ ಒಂದು ಗೋಡೆಯ ಬಗ್ಗೆ ಕಣ್ಣಿದ್ದವರು ತಿಳಿಯಬೇಕು. ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ವ್ಯವಸ್ಥೆ) ಅಲ್ಲದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಸ್ಕ್ರೀನ್ ರೀಡರ್ ಆ ಸಂಕೇತವನ್ನೇ ಓದುವುದರಿಂದ ನಮಗೆ ಅರ್ಥವಿಲ್ಲದ ಸದ್ದು ಕೇಳಿಸುತ್ತದೆ. ಕಾಗದದ ಫೋಟೊ ತೆಗೆದು ಪಿಡಿಎಫ್ ಮಾಡಿ ಕಳಿಸಿದರೆ ಅದು ಬರಿಯ ಚಿತ್ರ. ಅದರಿಂದ ಅಕ್ಷರ ಹೆಕ್ಕಲು ಬೇರೆಯೇ ತಂತ್ರಾಂಶ ಬೇಕು. ನಾನು ಸಹೋದ್ಯೋಗಿಗಳಲ್ಲಿ ಕೇಳಿಕೊಂಡದ್ದು ಇದನ್ನೇ: ಯುನಿಕೋಡಿನಲ್ಲಿ ಬರೆದು, ಸಹಿ ಹಾಕಿ ಸ್ಕ್ಯಾನ್ ಮಾಡಿದ ಪ್ರತಿಯ ಜೊತೆಗೆ ಮೂಲ ಕಡತವನ್ನೂ ಕಳಿಸಿ ಎಂದು. ಹೆಚ್ಚಿನವರು ಹಾಗೆಯೇ ಮಾಡುತ್ತಿದ್ದಾರೆ.

ನೋಟ ಕುಗ್ಗುತ್ತಿರುವವರು ಪೂರ್ತಿ ಕಾಣದಾಗುವ ತನಕ ಕಾಯದೆ ಈಗಲೇ ನರೇಟರಿನಿಂದ ಆರಂಭಿಸಲಿ. ಕೀಗಳ ಅಭ್ಯಾಸಕ್ಕೆ ಅದಕ್ಕಿಂತ ಸುಲಭವಾಗಿ ಸಿಗುವ ಸಾಧನ ಬೇರಿಲ್ಲ. ಕನ್ನಡ ಓದಿ ಬರೆಯಬೇಕಾದವರು ಅದೇ ತಿಂಗಳಲ್ಲಿ ಎನ್‌ವಿಡಿಎಯನ್ನೂ ಹಾಕಿಸಿಕೊಳ್ಳಲಿ, ಆದರೆ ಎರಡನ್ನೂ ಒಟ್ಟಿಗೆ ಮಾತಾಡಲು ಬಿಡಬಾರದು. ನಾನು ಬ್ಯಾಂಕಿನ ಕೆಲಸಕ್ಕೆ ನರೇಟರನ್ನೂ ಈ ಬರಹವನ್ನು ತಿದ್ದುವುದಕ್ಕೆ ಎನ್‌ವಿಡಿಎಯನ್ನೂ ಬಳಸಿದ್ದೇನೆ.