ಸಣ್ಣ ಮಿಲ್ಲಿಂಗ್ ಮಷಿನ್, 3 ವರ್ಷದ ಬಳಕೆ: ಮೊದಲು ಬೆನ್ನು ಗಟ್ಟಿ ಮಾಡಿ

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ 3 ವರ್ಷದಿಂದ ಒಂದು ಸಣ್ಣ ಮಿಲ್ಲಿಂಗ್ ಮಷಿನ್ (ತಿರುಗುವ ಕಟರ್‌ನಿಂದ ಲೋಹ ಕತ್ತರಿಸುವ ಯಂತ್ರ) ಇದೆ. 350 ವ್ಯಾಟ್ ಡಿಸಿ ಮೋಟರ್, ಎಡಕ್ಕೂ ಬಲಕ್ಕೂ ವಾಲಿಸಬಹುದಾದ ಕಾಲಮ್ (ಮೋಟರ್, ಕಟರ್ ಇರುವ ಹೆಡ್ ಹೊತ್ತ ಹಿಂದಿನ ಕಂಬ), ಒಳಗೆ ಪ್ಲಾಸ್ಟಿಕ್ ಗಿಯರ್. ಇದೇ ಮಾದರಿಯ ಚೀನಾ ಮಷಿನ್ ಬೇರೆ ಬೇರೆ ಹೆಸರು, ಬಣ್ಣದಲ್ಲಿ ಸಿಗುತ್ತದೆ. ನಾನು ಮಾಡುವುದು ಅಲ್ಯೂಮಿನಿಯಂ ಬ್ರ್ಯಾಕೆಟ್, ಸಣ್ಣ ಜಿಗ್ (ಕೆಲಸದ ತುಂಡು ಹಿಡಿದಿಡುವ ಸಾಧನ), ಆಗಾಗ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್.

ಮೊದಲ ವರ್ಷವೇ ಎಂಡ್ ಮಿಲ್ (ಕತ್ತರಿಸುವ ಟೂಲ್) ಕೆಲಸದ ತುಂಡಿನಲ್ಲಿ ಸಿಕ್ಕಿಕೊಂಡು ಗಿಯರ್ ಹಲ್ಲು ಮುರಿದವು. ಮತ್ತೆ ಗಿಯರ್ ಹಾಕದೆ ಬೆಲ್ಟ್ ಡ್ರೈವ್ ಹಾಕಿದೆ. ಸದ್ದು ಬಹಳ ಕಡಿಮೆಯಾಯಿತು, ರಾತ್ರಿ ಊಟ ಆದ ಮೇಲೂ ಕೆಲಸ ಮಾಡುತ್ತೇನೆ. ಟೂಲ್ ಸಿಕ್ಕಿಕೊಂಡರೆ ಈಗ ಬೆಲ್ಟ್ ಜಾರುತ್ತದೆ, ಅಷ್ಟೇ. ದೊಡ್ಡ ಕಟರ್ ಹಾಕಿ ನಿಧಾನ ತಿರುಗಿಸಿದಾಗ ಮಾತ್ರ ಮೊದಲಿನ ಬಲ ಇಲ್ಲ.

ಆದರೆ ಕತ್ತರಿಸಿದ ಮೇಲ್ಮೈ ಮೊದಲಿನಂತೆ ಒರಟಾಗೇ ಇತ್ತು. ಸ್ಟೀಲ್ ಮುಟ್ಟಿದರೆ ಮಷಿನ್ ಗಡಗಡ ನಡುಗುತ್ತಿತ್ತು. ಕಾರಣ ಬೇರಿಂಗ್ ಇರಬೇಕು ಅಂತ ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ (ಪಕ್ಕದ ಒತ್ತಡ, ಉದ್ದದ ಒತ್ತಡ ಎರಡನ್ನೂ ತಡೆಯುವಂಥದ್ದು) ಹಾಕಿದೆ. ಸ್ವಲ್ಪ ವ್ಯತ್ಯಾಸ, ಜಾಸ್ತಿ ಏನಿಲ್ಲ.

ಉದ್ಯಮಬಾಗದಲ್ಲಿ ಮಷಿನ್ ಶಾಪ್ ಇರುವ ಪರಿಚಯದ ಕಾಕಾ ಒಬ್ಬರು ಬಂದು ನೋಡಿದರು. ಟೇಬಲ್ ಮೇಲೆ ಮ್ಯಾಗ್ನೆಟ್ ಸ್ಟ್ಯಾಂಡ್ ಇಟ್ಟು, ಡಯಲ್ ಗೇಜ್ (ಸೂಕ್ಷ್ಮ ಅಲುಗಾಟವನ್ನು ಮುಳ್ಳಿನಿಂದ ತೋರಿಸುವ ಸಾಧನ) ಹೆಡ್‌ಗೆ ತಾಗಿಸಿ, ಕೈಯಿಂದ ಹೆಡ್ ದೂಡಲು ಹೇಳಿದರು. ಮುಳ್ಳು 0.15 ಮಿ.ಮೀ. ಸರಿಯಿತು. “ಮೋಟರ್ ಬಿಡಪಾ, ಮೊದಲ ಇದರ ಬೆನ್ನ ಗಟ್ಟಿ ಮಾಡು” ಅಂದರು.

ನೋಡಿದರೆ ಆ ಬೆನ್ನು, ಅಂದರೆ ಇಡೀ ಕಾಲಮ್, ನಿಂತಿರುವುದು ಕೆಳಗಿನ ಒಂದೇ ದೊಡ್ಡ ನಟ್ ಬಿಗಿಯ ಮೇಲೆ. ಅವರ ಶಾಪ್‌ನಲ್ಲೇ 20 ಮಿ.ಮೀ. ದಪ್ಪದ ಎಂಎಸ್ ಪ್ಲೇಟ್ ಕತ್ತರಿಸಿ, ಕಾಲಮ್‌ನ ಹಿಂಬದಿಗೂ ಬೇಸ್‌ಗೂ ಸೇರಿಸಿ ಬೋಲ್ಟ್ ಹಾಕಿದೆವು. ಈಗ ಕಾಲಮ್ ವಾಲಿಸಲು ಬರುವುದಿಲ್ಲ. ನನಗೆ ಅದು ಒಮ್ಮೆಯೂ ಬೇಕಾಗಿರಲಿಲ್ಲ. ಮತ್ತೆ ದೂಡಿದಾಗ ಮುಳ್ಳು ಸರಿದದ್ದು 0.04.

ಆಮೇಲೆ ಟ್ರ್ಯಾಮ್ ಮಾಡಿದೆ, ಅಂದರೆ ಕಟರ್ ತಿರುಗಿಸುವ ಸ್ಪಿಂಡಲ್ ಟೇಬಲ್‌ಗೆ ಸರಿಯಾಗಿ ಲಂಬವಾಗಿರುವಂತೆ ಮಾಡಿದೆ. ಡಯಲ್ ಅನ್ನು ಸ್ಪಿಂಡಲ್‌ಗೆ ಕಟ್ಟಿ ಟೇಬಲ್ ಮೇಲೆ ಸುತ್ತಿಸಬೇಕು. ಎಡ-ಬಲ ಸರಿ ಇತ್ತು, ಹಿಂದೆ-ಮುಂದೆ ತಪ್ಪಿತ್ತು. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ತಗಡು ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ. ಅದನ್ನೇ ಕತ್ತರಿಸಿ ಕಾಲಮ್ ಬುಡಕ್ಕೆ ಶಿಮ್ (ಸಂದು ತುಂಬುವ ತೆಳು ಪದರ) ಕೊಟ್ಟೆ. ಇಡೀ ಭಾನುವಾರ ಇದಕ್ಕೇ ಹೋಯಿತು. ಅವಸರ ಮಾಡಬೇಡಿ. ಕಟರ್ ಬಿಟ್ಟುಹೋಗುತ್ತಿದ್ದ ಮೆಟ್ಟಿಲಿನಂಥ ಗೆರೆ ಆವತ್ತು ಮಾಯವಾಯಿತು!

ಗಿಬ್ ಪಟ್ಟಿಗಳನ್ನು (ಜಾರುವ ಭಾಗಗಳ ಸಡಿಲ ತೆಗೆಯುವ ಲೋಹದ ಪಟ್ಟಿಗಳು) ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು ತಿಕ್ಕಿ ನೇರ ಮಾಡಿದೆ. ಹೆಡ್ ಎತ್ತುವ ಸ್ಪ್ರಿಂಗ್ ಬದಲು ಗ್ಯಾಸ್ ಸ್ಟ್ರಟ್ (ಕಾರಿನ ಡಿಕ್ಕಿ ಬಾಗಿಲು ಎತ್ತಿ ಹಿಡಿಯುವಂಥದ್ದು) ಹಾಕಿದ್ದು ಒಳ್ಳೆಯದಾಯಿತು, ಹೆಡ್ ಈಗ ತಾನಾಗಿ ಕೆಳಗೆ ಜಗ್ಗುವುದಿಲ್ಲ. ಡಿಆರ್‌ಒ (ಟೇಬಲ್ ಎಷ್ಟು ಸರಿಯಿತು ಅಂತ ಅಂಕಿಯಲ್ಲಿ ತೋರಿಸುವ ಸಾಧನ) ಕೂಡ ಹಾಕಿದ್ದೇನೆ. ಹ್ಯಾಂಡಲ್ ಸುತ್ತು ಎಣಿಸುವ ಕೆಲಸ ತಪ್ಪಿತು. ಆದರೆ ನಡುಗುವ ಮಷಿನ್‌ಗೆ ಅದನ್ನು ಮೊದಲು ಹಾಕಿ ಏನು ಉಪಯೋಗ, ಅಲ್ವಾ?

ನಮ್ಮ ಊರಿನ ಮಳೆಗಾಲದ ಬಗ್ಗೆ ಒಂದು ಮಾತು. ಜೂನ್‌ನಿಂದ ನಾಲ್ಕು ತಿಂಗಳು ಟೇಬಲ್‌ಗೆ ಎಣ್ಣೆ ಒರೆಸದೆ ಬಿಟ್ಟರೆ ಎರಡೇ ದಿನಕ್ಕೆ ತುಕ್ಕು ಕಾಣುತ್ತದೆ.

10 ಮಿ.ಮೀ. ಎಂಡ್ ಮಿಲ್‌ನಲ್ಲಿ ಎಂಎಸ್ ಮೊದಲು ಒಂದು ಸಲಕ್ಕೆ 0.2 ಮಿ.ಮೀ.ಗಿಂತ ಜಾಸ್ತಿ ತೆಗೆಯಲು ಆಗುತ್ತಿರಲಿಲ್ಲ. ಈಗ 0.5 ಮಿ.ಮೀ. ನಿಶ್ಚಿಂತೆಯಿಂದ ತೆಗೆಯುತ್ತೇನೆ. ಮೋಟರ್ ಅದೇ ಹಳೆಯದು.