ಹಬ್ಬಗಳನ್ನು ನೋಡಿ ಊರು ಆರಿಸುವುದಾದರೆ: ಕೊರಿಯಾವೋ ಜಪಾನೋ?

ಇಂಗ್ಲಿಷ್ ಕಲಿಸಲು ಹೊರಟ ಶಿಕ್ಷಕರು ಸಂಬಳ, ಬಾಡಿಗೆಗಳನ್ನು ಹೋಲಿಸುತ್ತಾರೆ. ರಜೆಗಳ ಸ್ವಭಾವವನ್ನೂ ನೋಡಬೇಕು.

ಅಂಗಡಿಗಳು ಬೆಳೆಸಿದ ಹಬ್ಬಗಳು ಎರಡೂ ಕಡೆ ಧಾರಾಳ. ನವೆಂಬರ್ 11 ಕೊರಿಯಾದಲ್ಲಿ ಪೆಪೆರೊ ದಿನ, ಜಪಾನಿನಲ್ಲಿ ಪಾಕಿ ದಿನ. ಎರಡೂ ಚಾಕೊಲೇಟ್ ಲೇಪಿಸಿದ ಬಿಸ್ಕತ್ತು ಕಡ್ಡಿಗಳೇ. ಆದರೆ 2016ರ ಲಂಚ ತಡೆ ಕಾನೂನಿನ ನಂತರ ಕೊರಿಯಾದ ಶಾಲೆಗಳಲ್ಲಿ ವಿದ್ಯಾರ್ಥಿ ಕೊಟ್ಟ ಪೊಟ್ಟಣಕ್ಕೂ ಶಿಕ್ಷಕರು ಕೈಚಾಚುವಂತಿಲ್ಲ. (ಕೊಡಲು ಅಡ್ಡಿಯಿಲ್ಲ, ನಿಮ್ಮ ಜೇಬಿಗೇ ಕತ್ತರಿ.) ಕ್ರಿಸ್‌ಮಸ್‌ಗೆ ಕೊರಿಯಾದಲ್ಲಿ ಸರ್ಕಾರಿ ರಜೆಯಿದೆ, ಜಪಾನಿನಲ್ಲಿ ಇಲ್ಲ, ಕರಿದ ಕೋಳಿಯೂ ಸ್ಟ್ರಾಬೆರಿ ಕೇಕೂ ಮಾತ್ರ.

ಗಂಭೀರ ದಿನಗಳಲ್ಲಿ ವ್ಯತ್ಯಾಸ ದೊಡ್ಡದು. ಕೊರಿಯಾದ ಚುಸೊಕ್, ನಮ್ಮ ಪಿತೃಪಕ್ಷದಂತೆ, ಹಿರಿಯರಿಗೆ ಎಡೆಯಿಡುವ ಹಬ್ಬ. ಸರ್ಕಾರಿ ರಜೆ ಮೂರು ದಿನ. ಊರೆಲ್ಲ ತವರಿಗೆ ಹೊರಡುತ್ತದೆ, ರೈಲು ಟಿಕೆಟ್ ಸಿಗುವುದಿಲ್ಲ, ಒಂಟಿ ವಿದೇಶಿಗೆ ಬೇಸರವೇ ಗತಿ. ಜೂನ್ 6ರ ಬೆಳಗ್ಗೆ ಹತ್ತಕ್ಕೆ ಸೈರನ್ ಮೊಳಗಿ, ಹುತಾತ್ಮರಿಗಾಗಿ ಒಂದು ನಿಮಿಷ ಮೌನ. ಜಪಾನಿನ ಓಬೊನ್ ಕೂಡ ಪೂರ್ವಜರದೇ, ಆದರೆ ಬೀದಿಯ ಕುಣಿತಕ್ಕೆ ಅಪರಿಚಿತರೂ ಸೇರಬಹುದು. ಅದು ಬೇಸಿಗೆ ರಜೆಯಲ್ಲೇ ಬರುತ್ತದೆ.

ಕುಟುಂಬವಿಲ್ಲದೆ ಹೋಗುವವರಿಗೆ ನನ್ನ ಮತ ಜಪಾನಿಗೆ. ಸಹೋದ್ಯೋಗಿಗಳು ಮನೆಗೆ ಕರೆಯುವ ಸಣ್ಣ ಊರು ಸಿಕ್ಕರೆ ಕೊರಿಯಾ.