ಪುಟ್ಟ ಟ್ರ್ಯಾಕರೋ, ಭಾರದ ಮೌಂಟೋ: ಒಂದೇ ಡಿಎಸ್‌ಎಲ್‌ಆರ್, ಎರಡು ದಾರಿ

ಡಿಎಸ್‌ಎಲ್‌ಆರ್‌ನಲ್ಲಿ ನೀಹಾರಿಕೆ, ಗ್ಯಾಲಕ್ಸಿ ಹಿಡಿಯಲು ಹೊರಟವರಿಗೆಲ್ಲ ಸಿಗುವ ಮೊದಲ ಸಲಹೆ, ‘ದುಡ್ಡೆಲ್ಲ ಮೌಂಟಿಗೆ (ಟೆಲಿಸ್ಕೋಪ್ ಹೊತ್ತು ತಿರುಗಿಸುವ ಪೀಠಕ್ಕೆ) ಸುರಿ’. ಸಲಹೆ ಸುಳ್ಳಲ್ಲ. ಆದರೆ ಅದು ಟೆಲಿಸ್ಕೋಪ್ ಏರಿಸುವವರಿಗೆ ಹೇಳಿದ ಮಾತು. 135 ಮಿ.ಮೀ. ಲೆನ್ಸ್ ಇಟ್ಟುಕೊಂಡವರಿಗೆ ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಕ್ಯಾಮೆರಾ ತಿರುಗಿಸುವ, ಒಂದೇ ಮೋಟಾರಿನ ಸ್ಟಾರ್ ಟ್ರ್ಯಾಕರ್ ಸಾಕು. ಎರಡನ್ನೂ ಬಳಸಿದ ಮೇಲೆ ನನ್ನ ಓಟು ಅದಕ್ಕೇ.

ಎದುರಾಳಿ ಎಂದರೆ ಎರಡು ಮೋಟಾರು, ಗೋಟು (ಹೇಳಿದ ಗುರಿಗೆ ತಾನೇ ತಿರುಗುವ ಸೌಲಭ್ಯ), ಸುಮಾರು 13 ಕೆ.ಜಿ. ಹೊರುವ ತಾಕತ್ತು ಇರುವ ಜರ್ಮನ್ ಈಕ್ವಟೋರಿಯಲ್ ಮೌಂಟ್, ಅಂದರೆ ಒಂದು ಅಕ್ಷವನ್ನು ಆಕಾಶದ ಧ್ರುವದ ಕಡೆ ನೆಡುವಂಥದ್ದು. ಅದರ ಮೇಲೆ 600 ಮಿ.ಮೀ. ರಿಫ್ರ್ಯಾಕ್ಟರ್ (ಮಸೂರದ ಟೆಲಿಸ್ಕೋಪ್). ಕ್ಯಾಮೆರಾ ಎರಡಕ್ಕೂ ಅದೇ: ಎಪಿಎಸ್-ಸಿ ಸೆನ್ಸರ್, 4.3 ಮೈಕ್ರಾನ್ ಪಿಕ್ಸೆಲ್. ಮೇಲೆ-ಕೆಳಗೆ, ಅಕ್ಕ-ಪಕ್ಕ ಮಾತ್ರ ತಿರುಗುವ ಆಲ್ಟ್-ಅಜಿಮತ್ ಗೋಟು ಮೌಂಟನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದು ನಕ್ಷತ್ರವನ್ನು ನಡುವೆ ಹಿಡಿದಿಟ್ಟರೂ ಸುತ್ತಲಿನ ಚಿತ್ರ ತಿರುಗುತ್ತಲೇ ಇರುತ್ತದೆ, ನೆತ್ತಿಯ ಹತ್ತಿರವಂತೂ ತೀರಾ ಬೇಗ.

ಮೊದಲು ಲೆಕ್ಕ. ಪಿಕ್ಸೆಲ್ ಅಳತೆಯನ್ನು 206.265ರಿಂದ ಗುಣಿಸಿ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಒಂದು ಪಿಕ್ಸೆಲ್ ಎಷ್ಟು ಆಕಾಶ ನುಂಗುತ್ತದೆ ಎಂಬುದು ಸಿಗುತ್ತದೆ. 135 ಮಿ.ಮೀ.ಗೆ 6.6 ಆರ್ಕ್ ಸೆಕೆಂಡ್ (ಡಿಗ್ರಿಯ 3600ನೇ ಒಂದು ಪಾಲು), 600 ಮಿ.ಮೀ.ಗೆ 1.5. ತಿರುಗುವ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸುವಾಗ 5 ಆರ್ಕ್ ನಿಮಿಷ (ಒಂದಕ್ಕೆ 60 ಆರ್ಕ್ ಸೆಕೆಂಡ್) ತಪ್ಪಿತು ಎಂದುಕೊಳ್ಳಿ. ನಕ್ಷತ್ರ ಜಾರುವುದು ಹೆಚ್ಚೆಂದರೆ ನಿಮಿಷಕ್ಕೆ 1.3 ಆರ್ಕ್ ಸೆಕೆಂಡ್. ಎರಡು ನಿಮಿಷದ ಎಕ್ಸ್‌ಪೋಶರ್‌ನಲ್ಲಿ ಲೆನ್ಸಿಗೆ ಅದು ಅರ್ಧ ಪಿಕ್ಸೆಲ್ಲೂ ಆಗದು. ಟೆಲಿಸ್ಕೋಪಿಗೆ ಎರಡು ಪಿಕ್ಸೆಲ್ ಹತ್ತಿರ. ಮೋಟಾರಿನ ತಿರುವನ್ನು ಅಕ್ಷಕ್ಕೆ ದಾಟಿಸುವ, ತಿರುಪಿನಂಥ ವರ್ಮ್ ಗೇರಿನ ಓಲಾಟವೂ ಹಾಗೇ. ಹತ್ತು ನಿಮಿಷಕ್ಕೊಂದು ಸುತ್ತು, ಒಟ್ಟು 30 ಆರ್ಕ್ ಸೆಕೆಂಡ್ ಓಲಾಟ ಇರುವ ಟ್ರ್ಯಾಕರ್ ತನ್ನ ಅತಿ ಕೆಟ್ಟ ನಿಮಿಷದಲ್ಲಿ ಲೆನ್ಸಿನ ಚಿತ್ರವನ್ನು ಒಂದೂವರೆ ಪಿಕ್ಸೆಲ್ ಎಳೆಯುತ್ತದೆ. ಅದೇ ಯಂತ್ರದ ಮೇಲೆ 600 ಮಿ.ಮೀ. ಏರಿಸಿದರೆ ಆರು ಪಿಕ್ಸೆಲ್. ಹಾಗಾಗಿ ಟೆಲಿಸ್ಕೋಪ್ ಬಂತೆಂದರೆ ಗೈಡ್ ಸ್ಕೋಪ್, ಗೈಡ್ ಕ್ಯಾಮೆರಾ, ಲ್ಯಾಪ್‌ಟಾಪ್, ಒಂದು ನಕ್ಷತ್ರವನ್ನು ನೋಡುತ್ತ ಮೌಂಟನ್ನು ತಿದ್ದುತ್ತಿರುವ (ಇದೇ ಗೈಡಿಂಗ್) ಪಿಎಚ್‌ಡಿ2 ಸಾಫ್ಟ್‌ವೇರ್ ಎಲ್ಲ ಹಿಂದೆಯೇ ಬರುತ್ತವೆ. ಅಲ್ಲಿಂದ ಶುರು, ನಿಜವಾದ ತಲೆನೋವು.

ಅದರ ಹೆಸರು ಡೆಕ್ಲಿನೇಶನ್ ಬ್ಯಾಕ್‌ಲ್ಯಾಶ್. ನಕ್ಷತ್ರಗಳ ಹಿಂದೆ ಓಡುವ ಆರ್‌ಎ ಅಕ್ಷದ ಮೋಟಾರು ಸದಾ ಒಂದೇ ದಿಕ್ಕಿಗೆ ತಿರುಗುತ್ತಿರುವುದರಿಂದ ಅದರ ಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡೇ ಇರುತ್ತವೆ. ಉತ್ತರ-ದಕ್ಷಿಣಕ್ಕೆ ತಿರುಗಿಸುವ ಡೆಕ್ (ಡೆಕ್ಲಿನೇಶನ್) ಮೋಟಾರು ಹಾಗಲ್ಲ, ಸುಮ್ಮನೆ ನಿಂತಿದ್ದು ಗೈಡಿಂಗ್ ಆಜ್ಞೆ ಬಂದಾಗ ಮಾತ್ರ ಅಲುಗುತ್ತದೆ. ಉತ್ತರಕ್ಕೆ ಒಮ್ಮೆ ತಳ್ಳಿ ಆಮೇಲೆ ದಕ್ಷಿಣಕ್ಕೆ ತಳ್ಳಬೇಕಾದಾಗ ಮೋಟಾರು ತಿರುಗುತ್ತದೆ, ಟೆಲಿಸ್ಕೋಪ್ ಅಲ್ಲಾಡುವುದಿಲ್ಲ. ಹಲ್ಲುಗಳ ನಡುವಿನ ಸಡಿಲ ತುಂಬುವವರೆಗೆ ಎಲ್ಲ ವ್ಯರ್ಥ. ನಕ್ಷತ್ರಗಳು ಸರಿಯುವ (ಸೈಡೀರಿಯಲ್) ವೇಗದ ಅರ್ಧದಲ್ಲಿ ನಾಲ್ಕು ಸೆಕೆಂಡ್ ವ್ಯರ್ಥವಾದರೆ ಸಡಿಲ 30 ಆರ್ಕ್ ಸೆಕೆಂಡ್, ಅಂದರೆ 20 ಪಿಕ್ಸೆಲ್. ನಕ್ಷತ್ರ ಕದಲಲಿಲ್ಲವೆಂದು ಸಾಫ್ಟ್‌ವೇರ್ ಮತ್ತೆ ಮತ್ತೆ ತಳ್ಳುತ್ತದೆ. ಕೊನೆಗೆ ಹಲ್ಲು ಕಚ್ಚಿದ್ದೇ ತಡ, ಟೆಲಿಸ್ಕೋಪ್ ಗುರಿ ದಾಟಿ ಆಚೆ ಹಾರುತ್ತದೆ. ಮತ್ತೆ ತಿರುಗಿ ಅದೇ ಆಟ. ಗೈಡಿಂಗ್ ಗ್ರಾಫ್ ಗರಗಸದ ಹಲ್ಲಿನಂತೆ ಕಂಡರೆ ಇದೇ ರೋಗ. ಚಿತ್ರದಲ್ಲಿ ನಕ್ಷತ್ರಗಳೆಲ್ಲ ಒಂದೇ ದಿಕ್ಕಿಗೆ ಮೊಟ್ಟೆಯಾಕಾರ.

ಮದ್ದು ಮೂರಿವೆ, ಮೂರಕ್ಕೂ ಪಥ್ಯವಿದೆ. ವರ್ಮ್ ಬಿಗಿಸುವ ಪುಟ್ಟ ಸ್ಕ್ರೂಗಳನ್ನು ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಗೇರ್ ಚಕ್ರ ಪೂರ್ತಿ ದುಂಡಗಿರುವುದಿಲ್ಲವಾದ್ದರಿಂದ ಇಲ್ಲಿ ಸರಿಯಾದದ್ದು ಇನ್ನೊಂದು ಕಡೆ ಕಚ್ಚಿ ನಿಲ್ಲಬಹುದು, ಇಡೀ ಸುತ್ತು ತಿರುಗಿಸಿಯೇ ನೋಡಬೇಕು. ಅತಿ ಬಿಗಿ ಮಾಡಿದರೆ ಚಳಿಯ ರಾತ್ರಿ ಮೋಟಾರು ನರಳುತ್ತದೆ. ಎರಡನೆಯದು, ಡೆಕ್ ಅಕ್ಷದಲ್ಲಿ ಕ್ಯಾಮೆರಾ ಕಡೆ ಸ್ವಲ್ಪ ಭಾರ ಬಿಟ್ಟು ಹಲ್ಲನ್ನು ಒಂದೇ ಮಗ್ಗುಲಿಗೆ ಒತ್ತಿಸುವುದು. ಟೆಲಿಸ್ಕೋಪ್ ನೆತ್ತಿಗೆ ತಿರುಗಿದಾಗ ಈ ಒತ್ತಡ ಮಾಯ.

ಮೂರನೆಯದೇ ಹೆಚ್ಚು ನಂಬಿಕಸ್ತ. ಬೇಕೆಂದೇ ಧ್ರುವ ಹೊಂದಾಣಿಕೆಯಲ್ಲಿ ಮೂರರಿಂದ ಐದು ಆರ್ಕ್ ನಿಮಿಷ ತಪ್ಪು ಬಿಟ್ಟು, ನಕ್ಷತ್ರ ಯಾವ ಕಡೆ ಜಾರುತ್ತದೆ ನೋಡಿ, ಡೆಕ್ ಗೈಡಿಂಗನ್ನು ಅದಕ್ಕೆದುರಿನ ಒಂದೇ ದಿಕ್ಕಿಗೆ ಕಟ್ಟಿಹಾಕುವುದು. ಮೋಟಾರು ಹಿಂದೆ ತಿರುಗುವುದೇ ಇಲ್ಲ, ಸಡಿಲದ ಪ್ರಶ್ನೆಯೂ ಇಲ್ಲ. ಫ್ರೇಮುಗಳ ನಡುವೆ ಗುರಿಯನ್ನು ಚೂರು ಸರಿಸುವ ಡಿದರಿಂಗನ್ನು ಆರ್‌ಎಗೆ ಮಾತ್ರ ಇಡಲು ಮರೆತರೆ ಹಲವು ನಿಮಿಷ ಗೈಡಿಂಗ್ ತಿರುಗಿ ಕೂರದು. ಅಷ್ಟು ದುಡ್ಡು ಕೊಟ್ಟ ಎರಡನೇ ಮೋಟಾರನ್ನು ಅರ್ಧ ಕಟ್ಟಿಹಾಕುವುದೇ ಪರಿಹಾರ ಅನ್ನುವುದು ಅದರ ತಮಾಷೆ.

ಟ್ರ್ಯಾಕರಿನಲ್ಲಿ ಆ ಮೋಟಾರೇ ಇಲ್ಲ. ಆದರೆ ಕೊರತೆ ಎರಡಿವೆ. ಧ್ರುವಕ್ಕೆ ಹೊಂದಿಸಿ ಆಮೇಲೆ ಕ್ಯಾಮೆರಾ ತಿರುಗಿಸಿದರೆ ತೆಳ್ಳನೆಯ ಟ್ರೈಪಾಡ್ ಬಾಗಿ ಹೊಂದಾಣಿಕೆ ಕೆಡುತ್ತದೆ. ಆದ್ದರಿಂದ ಮೊದಲು ಫ್ರೇಮ್ ಮಾಡಿ ಎಲ್ಲ ಬಿಗಿಸಿ, ಧ್ರುವ ಹೊಂದಾಣಿಕೆ ಕೊನೆಗೆ. ಟ್ರೈಪಾಡಿನ ನಡುಗಂಬ ಎತ್ತಲೇಬೇಡಿ. ಇನ್ನೊಂದು, ತಾನಾಗಿ ಡಿದರಿಂಗ್ ಆಗದು. ಚಿತ್ರ ನಿಧಾನಕ್ಕೆ ಒಂದೇ ಕಡೆ ಜಾರುವುದರಿಂದ ಫ್ರೇಮುಗಳನ್ನು ಒಂದರ ಮೇಲೊಂದು ಕೂಡಿಸಿ ಸ್ಟ್ಯಾಕ್ ಮಾಡಿದಾಗ ಹಾಟ್ ಪಿಕ್ಸೆಲ್‌ಗಳು (ಬೆಳಕಿಲ್ಲದೆಯೂ ಹೊಳೆಯುವ ದೋಷದ ಪಿಕ್ಸೆಲ್‌ಗಳು) ಮಳೆ ಗೆರೆಯಂತೆ ಸಾಲುಗಟ್ಟುತ್ತವೆ. ಹತ್ತು ಫ್ರೇಮಿಗೊಮ್ಮೆ ಡೆಕ್ ಬ್ರಾಕೆಟ್ಟಿನ ತಿರುಪನ್ನು ಕೈಯಿಂದ ಚೂರು ತಿರುಗಿಸಿ ಮುಂದಿನ ಫ್ರೇಮಿಗೆ ಹತ್ತು ಸೆಕೆಂಡ್ ಬಿಟ್ಟರೆ ಸಾಕು.

ಉಳಿದವು ಒಂದೊಂದು ಸಾಲು. ಭಾರ: ಮೌಂಟ್, ಟ್ರೈಪಾಡ್, ಕೌಂಟರ್‌ವೇಟ್ ಸೇರಿದರೆ 20 ಕೆ.ಜಿ. ದಾಟುತ್ತದೆ, ಟ್ರ್ಯಾಕರ್ ಕ್ಯಾಮೆರಾ ಚೀಲದಲ್ಲೇ ಕೂರುತ್ತದೆ. ತಯಾರಿ: ಮೌಂಟಿಗೆ ಮುಕ್ಕಾಲು ಗಂಟೆ, ಟ್ರ್ಯಾಕರಿಗೆ ಕಾಲು ಗಂಟೆ. ಗುರಿ ಹುಡುಕುವುದು: ಗೋಟು ಗೆದ್ದಿತು, ಮಾತೇ ಇಲ್ಲ. ಸಾಮಾನ್ಯ ಡಿಎಸ್‌ಎಲ್‌ಆರ್‌ನ ಫಿಲ್ಟರ್ 656 ನ್ಯಾನೊಮೀಟರಿನ ಹೈಡ್ರೋಜನ್ ಕೆಂಪನ್ನು ಬಹುಪಾಲು ತಡೆಯುತ್ತದೆ, ಅದಕ್ಕೆ ಯಾವ ಮೌಂಟೂ ಮದ್ದಲ್ಲ.

ವಾರದ ನಡುವೆ ಎರಡು ಗಂಟೆ ಬಿಡುವು ಸಿಕ್ಕಾಗ ಹೊರಗೆ ಹೋಗುವ ಅಭ್ಯಾಸ, ಉಳಿದ ದುಡ್ಡನ್ನು ಒಳ್ಳೆಯ ಲೆನ್ಸಿಗೆ ಹಾಕುವ ಮನಸ್ಸು ಇದ್ದರೆ ಟ್ರ್ಯಾಕರ್. ಎಫ್/2.8, ಐಎಸ್‌ಒ 1600, ಒಂದು ನಿಮಿಷದ ನೂರು ಫ್ರೇಮ್. ಮೂರು ಡಿಗ್ರಿ ಅಗಲದ ದೇವಯಾನಿ ಗ್ಯಾಲಕ್ಸಿ ಆರಾಮವಾಗಿ ಹಿಡಿಸುತ್ತದೆ. 600 ಮಿ.ಮೀ.ನ ಚೌಕಟ್ಟು ಎರಡು ಡಿಗ್ರಿಯೇ, ಅದು ಹೊರಚೆಲ್ಲುತ್ತದೆ. 11 ಆರ್ಕ್ ನಿಮಿಷದ ಎಂ51 ಗ್ಯಾಲಕ್ಸಿ ಮಾತ್ರ ಲೆನ್ಸಿನಲ್ಲಿ ಬರೇ ನೂರು ಪಿಕ್ಸೆಲ್. ಪುಟ್ಟ ಗ್ಯಾಲಕ್ಸಿಗಳ ಹುಚ್ಚಿದ್ದವರಿಗೆ ಭಾರದ ಮೌಂಟ್ ಬಿಟ್ಟು ಗತ್ಯಂತರವಿಲ್ಲ.

ಅವರು ಕೊಳ್ಳುವ ಮೊದಲು ಡೆಕ್ ಕ್ಲಚ್ ಬಿಗಿಸಿ, ಟೆಲಿಸ್ಕೋಪಿನ ತುದಿ ಹಿಡಿದು ಮೆಲ್ಲಗೆ ಅತ್ತಿತ್ತ ಅಲುಗಿಸಿ ನೋಡಲಿ. ಟಕ್ ಎಂಬ ಸದ್ದು ಕೈಗೆ ತಾಗಿದರೆ ಬೇರೊಂದು ಮೌಂಟ್ ತೋರಿಸಲು ಹೇಳಲಿ.